ಸೋಯಾ ಬಿತ್ತಾಕ ತಡಾ ಆದ್ರ ಇಳುವರಿ ಎಷ್ಟ್ ಬೀಳ್ತೈತ್ರಿ?

ನಮ್ದು ಬೈಲಹೊಂಗಲ ಕಡೆ ಎರಿ ಹೊಲ, ಜೂನ್ ಮುಗಿಯಾಕ ಬಂತು ಇನ್ನೂ ಹದಾ ಮಳಿ ಇಲ್ಲ. ಜೆಎಸ್-335 ಅನ್ನೂ ಸೋಯಾ ತಳಿ ಬೀಜ ಐತಿ, ಜುಲೈದಾಗ ಬಿತ್ತಿದ್ರ ನಡೀತೈತೇನ್ರಿ? ಮುಂದಿನ ವರ್ಷಕ್ಕ ಬೀಜಾನೂ ಇದ್ರಾಗ ಇಟ್ಕೋಬೇಕು.

↳ ಜುಲೈ ಮೊದಲ ವಾರ ಆದ್ರ ಚಿಂತಿ ಬ್ಯಾಡ್ರಿ. ಅದು ದಾಟಿದ್ರ ಗಿಡ ಬೆಳ್ಯಾಕ ಟೈಮ್ ಸಿಗೂದಿಲ್ಲ, ಹಗಲು ಸಣ್ಣದಾಗ್ತಿದ್ದಂಗ ಲಗೂ ಹೂ ಬಿಡ್ತೈತಿ, ಕಾಯಿ ಕಡಿಮಿ, ಕಾಳು ತುಂಬೂ ಹೊತ್ನ್ಯಾಗ ಮಳಿ ಹೋಗಿರ್ತೈತಿ. ತುಕ್ಕು ರೋಗದ ಕಾಟನೂ ಜಾಸ್ತಿ, ಡಿಎಸ್‌ಬಿ-21 ತಳಿ ಸಿಕ್ರ ನೋಡ್ರಿ, ತುಕ್ಕು ತಡೀತೈತಿ. ತಡಾ ಬಿತ್ತಿದ್ರ ಗಿಡ ಸಣ್ಣದಿರ್ತೈತಿ, ಅದಕ್ಕ ಸಾಲು ಒಂಚೂರು ಹತ್ರ ಮಾಡ್ರಿ.

↳ ಬೀಜಕ್ಕಂದ್ರ ಬಾಳ ಮುಂಚೆ ಬಿತ್ತೂದೂ ಚಲೋ ಅಲ್ಲಣ್ಣಾ. ಜೂನ್ ಶುರುದಾಗ ಹಾಕಿದ್ದು ಸೆಪ್ಟೆಂಬರ್ ಮಳ್ಯಾಗ ಸಿಕ್ಕೊಂಡು ಕಾಳು ಕಪ್ಪಾಗ್ತಾವು, ಮೊಳಕಿನೂ ಹೋಗ್ತೈತಿ. ಒಣ ಹವಾದಾಗ ಕೊಯ್ಲಿಗೆ ಬರ್ಬೇಕು. ಒಕ್ಕೂ ಮಷಿನ್ ಸ್ಪೀಡ್ ಕಡಿಮಿ ಇಡ್ರಿ, ಸಿಪ್ಪಿ ತೆಳು ಇರ್ತೈತಿ ಒಡೀತೈತಿ.

↳ ಈಗಿನ ಬೀಜ ಮೊದ್ಲು ಟೆಸ್ಟ್ ಮಾಡ್ರಿ. 100 ಕಾಳು ಹಸಿ ಗೋಣಿಚೀಲದಾಗ ಸುತ್ತಿ ಇಡ್ರಿ, 70 ಮೊಳೀಲಿಲ್ಲಂದ್ರ ಬೀಜ ಜಾಸ್ತಿ ಹಾಕ್ಬೇಕು. ಆಗಸ್ಟ್ ಬಂತಂದ್ರ ಸೋಯಾ ಬಿಟ್ಟು ಹಿಂಗಾರಿ ಕಡ್ಲಿ ನೋಡ್ರಿ.