ಪದಚರ್ಚೆ: ಧೂಳು ತುಂಬಿದ ಗೆಲಾಕ್ಸಿಗಳಲ್ಲಿ ‘ಲೂಮಿನಸ್‌’, ‘ವಾರ್ಮ್‌’ ಅಂದರೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ,

ಧೂಳು ತುಂಬಿದ ಗೆಲಾಕ್ಸಿಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ‘ಇನ್‌ಫ್ರಾರೆಡ್‌’ಗೆ ಅತಿಗೆಂಪು, ಅವಕೆಂಪು ಎರಡೂ ಬಳಕೆಯಲ್ಲಿವೆ. ನಾನು ಅವಕೆಂಪು ಹಿಡಿದಿದ್ದೇನೆ. ಅದರ ಕಂಪನ ಕೆಂಪಿಗಿಂತ ಕೆಳಗಿನದು ತಾನೇ? ಆ ಹಳೇ ಜಗಳ ಈಗ ಬೇಡ. ತೊಡಕಿರುವುದು ವಿಂಗಡಣೆಯ ಹೆಸರುಗಳಲ್ಲಿ.

ಈ ಗೆಲಾಕ್ಸಿಗಳಲ್ಲಿ ನಕ್ಷತ್ರಗಳ ಬೆಳಕನ್ನು ಧೂಳು ನುಂಗಿ, ಕಾದು, ಅವಕೆಂಪಾಗಿ ಹೊರಬಿಡುತ್ತದೆ. 1983ರಲ್ಲಿ ಐರಾಸ್‌ ಉಪಗ್ರಹ 12, 25, 60, 100 ಮೈಕ್ರಾನ್‌ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಲೆಯುದ್ದಗಳಲ್ಲಿ ಆಕಾಶ ಜಾಲಾಡಿದಾಗ ಇಂಥವು ರಾಶಿ ರಾಶಿ ಸಿಕ್ಕವು. ಅವಕೆಂಪಿನಲ್ಲೇ ಸೂರ್ಯನ 10,000 ಕೋಟಿ ಪಟ್ಟು ಬೆಳಗಿದರೆ ‘ಲೂಮಿನಸ್‌’. 1 ಲಕ್ಷ ಕೋಟಿ ದಾಟಿದರೆ ‘ಅಲ್ಟ್ರಾ’, 10 ಲಕ್ಷ ಕೋಟಿ ದಾಟಿದರೆ ‘ಹೈಪರ್‌’.

ಉಜ್ವಲ, ಅತ್ಯುಜ್ವಲ ಅನ್ನಬಹುದು. ಆದರೆ ಉಜ್ವಲ ಅಂದಕೂಡಲೇ ಥಳಥಳ ಹೊಳೆಯುವುದು ಕಣ್ಣಿಗೆ ಬರುತ್ತದೆ, ಅಲ್ವಾ? ಆರ್ಪ್‌ 220 ನೋಡಿ. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದು ಒಂದಾಗುತ್ತಿವೆ. ಮಾಮೂಲಿ ಬೆಳಕಿನಲ್ಲಿ ಅದು ಮಬ್ಬು ಮಬ್ಬು, ನಡುವನ್ನು ಧೂಳಿನ ಪಟ್ಟೆ ಮುಚ್ಚಿದೆ. ಆದರೂ ಅದು ‘ಅಲ್ಟ್ರಾ’ ಗುಂಪಿನದು! ‘ಭಾರಿ ಅವಕೆಂಪು ಗೆಲಾಕ್ಸಿ’ ಅಂದರೆ ತೂಕದ ಮಾತು ಅಂದುಕೊಳ್ಳುತ್ತಾರೆ. ‘ಅವಕೆಂಪಿನಲ್ಲಿ ಉಜ್ವಲ’ ಅಂತ ಬಿಡಿಸಿ ಬರೆಯೋದೇ ವಾಸಿ ಅನ್ನಿಸುತ್ತಿದೆ, ಉದ್ದವಾದರೂ ಸರಿ.

ಇನ್ನು ‘ವಾರ್ಮ್‌’, ‘ಕೋಲ್ಡ್‌’. 25 ಮೈಕ್ರಾನ್‌ ಬೆಳಕು 60ರದ್ದರ ಐದನೇ ಒಂದು ಪಾಲಿಗಿಂತ ಜಾಸ್ತಿ ಇದ್ದರೆ ‘ವಾರ್ಮ್‌’. ಅಂಥವುಗಳ ನಡುಭಾಗದಲ್ಲಿ ಸಾಮಾನ್ಯವಾಗಿ ಸುತ್ತಲಿನದನ್ನು ನುಂಗಿ ಮೇಯುತ್ತಿರುವ ಕಪ್ಪುಕುಳಿ ಇರುತ್ತದೆ. ಕಡಿಮೆ ಇದ್ದರೆ ಹೆಚ್ಚಾಗಿ ನಕ್ಷತ್ರ ಹುಟ್ಟುವ ಗದ್ದಲ. ಬೆಚ್ಚಗಿನ, ತಣ್ಣನೆಯ ಅನ್ನೋಣವೇ? 60 ಮೈಕ್ರಾನ್‌ನಲ್ಲಿ ಬೆಳಗುವ ಧೂಳು ಸೊನ್ನೆ ಡಿಗ್ರಿಗಿಂತ ಸುಮಾರು 200 ಡಿಗ್ರಿ ಕೆಳಗಿರುತ್ತದೆ. ಅದನ್ನು ಬೆಚ್ಚಗೆ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ‘ಕಾವು ಹೆಚ್ಚಿನ, ಕಾವು ಕಡಿಮೆಯ’ ಅಂದರೆ ಹೋಲಿಕೆ ಅಷ್ಟೇ ಅಂತ ತಿಳಿಯುತ್ತದೆ.

ಸ್ಪಿಟ್ಜರ್‌ ದೂರದರ್ಶಕದ ರೋಹಿತಗಳಲ್ಲಿ (ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿದ ಗೆರೆಚಿತ್ರಗಳಲ್ಲಿ) 7.7 ಮೈಕ್ರಾನ್‌ ಸುತ್ತ ಒಂದು ಉಬ್ಬು, 9.7ರ ಸುತ್ತ ಸಿಲಿಕೇಟ್‌ ಧೂಳಿನ ತಗ್ಗು ಕಾಣುತ್ತವೆ. ಉಬ್ಬು, ತಗ್ಗು ನನಗೆ ಸಾಕು. ತಗ್ಗು ತುಂಬ ಆಳವಾಗಿದ್ದರೆ ನಡುಭಾಗ ಧೂಳಿನಲ್ಲಿ ‘ಬರೀಡ್‌’ ಅನ್ನುತ್ತಾರೆ. ‘ಹೂತ’ ಅಂದರೆ ಸತ್ತದ್ದು ಅನ್ನಿಸಿಬಿಡುತ್ತೆ, ಅಲ್ಲಿರೋದು ಧಗಧಗ ಉರಿಯುವಂಥದ್ದು. ‘ಹುದುಗಿದ’ ಅನ್ನಲೇ? ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.