ಪಂಪಿನ ಕೈಪಿಡಿಯಲ್ಲಿ ಮೂರು ‘ಸೆಟ್’: ಒಂದೇ ಕನ್ನಡ ಪದ ಸಾಲದು

ಮಾನ್ಯರೇ,

ನೀರಾವರಿ ಪಂಪಿನ ಕೈಪಿಡಿ ನಾಳೆಯೇ ಅಚ್ಚಿಗೆ ಹೋಗಬೇಕಾಗಿರುವುದರಿಂದ, ಅದರಲ್ಲಿ ಮೂರು ಕಡೆ (ಪಂಪನ್ನು ಕಟ್ಟೆಯ ಮೇಲಿಡುವಲ್ಲಿ, ಕಟ್ಟೆಯ ಕಾಂಕ್ರೀಟಿನಲ್ಲಿ, ಟೈಮರಿನಲ್ಲಿ) ಬರುವ ‘ಸೆಟ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಎಲ್ಲ ಕಡೆಯೂ ಸಲ್ಲುವ ಒಂದು ಕನ್ನಡ ಪದ ಬೇಕೆಂದು ಕೇಳಿದ್ದೀರಿ. ಅಂತಹ ಪದವಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಈ ಪದಕ್ಕೆ ಸುಮಾರು 430 ಅರ್ಥಗಳಿದ್ದವು. ಇಂಗ್ಲಿಷಿನವರು ‘ಸೆಟ್’ ಎಂದು ಮುಗಿಸುವಲ್ಲಿ ನಾವಾದರೋ ಹರಳನ್ನು ಕೂರಿಸುತ್ತೇವೆ, ಬೋನನ್ನು ಒಡ್ಡುತ್ತೇವೆ, ಮುರಿದ ಮೂಳೆಯನ್ನು ಕೂಡಿಸುತ್ತೇವೆ, ಹಾಲಿಗೆ ಹೆಪ್ಪು ಹಾಕುತ್ತೇವೆ. ಹೊತ್ತು ತಾನಾಗಿಯೇ ಮುಳುಗುತ್ತದೆ.

ನಿಮಗೆ ಈ ಮೊದಲು ಬಂದ ಉತ್ತರದಲ್ಲಿ ಸೂಚಿಸಿರುವ ‘ಸ್ಥಾಪಿಸು’ ಮೂರು ಕಡೆಯೂ ಸಲ್ಲದು. ಟೈಮರಿನ ಗುಂಡಿಯ ಕೆಳಗೆ ‘ಸಮಯವನ್ನು ಸ್ಥಾಪಿಸಿ’ ಎಂದು ಬರೆದರೆ ರೈತರು ಪುರೋಹಿತರನ್ನು ಕರೆಸಬೇಕಾದೀತು. ವ್ಯುತ್ಪತ್ತಿಯನ್ನೇ ಹಿಡಿದು ಹೊರಟರೂ ಅದು ನಿಲ್ಲುವುದಿಲ್ಲ. ‘ಸ್ಥಾ’ ಧಾತುವಿಗೆ ನಿಲ್ಲು ಎಂಬ ಅರ್ಥವಿರುವುದರಿಂದ ಸ್ಥಾಪಿಸುವುದೆಂದರೆ ನಿಲ್ಲಿಸುವುದು. ‘ಸೆಟ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಕುಳಿತುಕೊಳ್ಳು ಎಂಬ ಕ್ರಿಯಾಪದದ ಪ್ರೇರಣಾರ್ಥಕ ರೂಪ, ಅಂದರೆ ನಮ್ಮ ‘ಕೂರಿಸು’. ನಿಲ್ಲಿಸುವುದಕ್ಕೆ ನಿಮ್ಮ ಪಂಪಿನ ಫಲಕದಲ್ಲಿ ಕೆಂಪು ಗುಂಡಿ ಬೇರೆಯೇ ಇದೆ.

ಹಾಗೆಂದು ಎಲ್ಲೆಡೆ ಕೂರಿಸಿದರೂ ನಡೆಯದು. ಪಂಪನ್ನು ಕಟ್ಟೆಯ ಮೇಲೆ ಇಡುವ ವಾಕ್ಯದಲ್ಲಿ ಮಾತ್ರ ಅದು ಸರಿ. ಮೋಟಾರ್ ಕೂರಿಸುವುದು ಎಂದೇ ಜನರೂ ಹೇಳುತ್ತಾರೆ. ಎರಡನೆಯದು ಕಟ್ಟೆಯ ಕಾಂಕ್ರೀಟಿನ ಮಾತು. ಗಾರೆ ಕೆಲಸದವರು ‘ಸೆಟ್ ಆಗಲಿ’ ಎನ್ನುತ್ತಾರೆ, ಆದರೆ ತಂತ್ರಜ್ಞರಿಗೆ ಸೆಟ್ ಆಗುವುದು (ಮೆದುತನ ಕಳೆದು ಬಿಗಿಯುವುದು) ಬೇರೆ, ಗಟ್ಟಿಯಾಗುವುದು (ಬಲ ಬರುವುದು) ಬೇರೆ. ಸಾಮಾನ್ಯ ಸಿಮೆಂಟು ಸೆಟ್ ಆಗತೊಡಗಲು ಕನಿಷ್ಠ 30 ನಿಮಿಷ ಹಿಡಿಯಬೇಕು, 600 ನಿಮಿಷದೊಳಗೆ ಅದು ಮುಗಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಕಾಂಕ್ರೀಟಿನ ಬಲವನ್ನು ಸಾಮಾನ್ಯವಾಗಿ ಅಳೆಯುವುದು 28ನೆಯ ದಿನ. ಪಂಪಿನ ಭಾರ ಹೊರಬೇಕಾದ ಕಟ್ಟೆಯ ಬಗ್ಗೆ ‘ಚೆನ್ನಾಗಿ ಗಟ್ಟಿಯಾದ ಮೇಲೆ’ ಎಂದೇ ಬರೆಯಿರಿ, ಇಲ್ಲವಾದರೆ ಮರುದಿನವೇ ಪಂಪು ಅದರ ಮೇಲೇರುತ್ತದೆ.

ಮೂರನೆಯದು ಟೈಮರು. ತಪ್ಪು ತೋರಿಸುವ ಗಡಿಯಾರವನ್ನು ನಾವು ‘ಹೊಂದಿಸುತ್ತೇವೆ’, ಐದು ಗಂಟೆಗೆ ಅಲಾರಂ ‘ಇಡುತ್ತೇವೆ’. ಇಂಗ್ಲಿಷಿನಲ್ಲಿ ಕಾಣದ ಈ ವ್ಯತ್ಯಾಸ ನಿಮ್ಮ ಫಲಕಕ್ಕೆ ಬೇಕೇ ಬೇಕು: ಈಗಿನ ಸಮಯವನ್ನು ಹೊಂದಿಸಿ, ಮೋಟಾರ್ ಓಡಬೇಕಾದ ಅವಧಿಯನ್ನು 40 ನಿಮಿಷಕ್ಕೆ ಇಡಿ.

ಇನ್ನು ‘ರೀಸೆಟ್’ ಎಂಬುದನ್ನು ಹಾಗೆಯೇ ಬಿಡಿ. ಮೋಟಾರ್ ಟ್ರಿಪ್ ಆದಾಗ, ಅಂದರೆ ತಾನಾಗಿ ನಿಂತುಹೋದಾಗ, ರೀಸೆಟ್ ಒತ್ತುವವರಿಗೆ ‘ಪುನಃಸ್ಥಾಪಿಸು’ ಎಂಬುದು ಯಾವ ಗುಂಡಿಯೆಂದು ತಿಳಿಯದು. ಇಂಗ್ಲಿಷ್ ಪದ ಬಂದೊಡನೆ ಕನ್ನಡ ಕೆಟ್ಟಿತೆನ್ನುವವರು ಸಂಸ್ಕೃತದಿಂದ ತಂದದ್ದನ್ನು ಎರವಲೆಂದು ಎಣಿಸುವುದೇ ಇಲ್ಲ. ಎರವಲು ಪದಕ್ಕೂ ನಮ್ಮ ವ್ಯಾಕರಣ ಕಡಿವಾಣ ಹಾಕುತ್ತದೆ: ಮಾಡುವವರಿದ್ದರೆ ‘ಸೆಟ್ ಮಾಡು’, ತಾನಾಗಿ ಆದರೆ ‘ಸೆಟ್ ಆಗು’, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. ಪಂಪ್‌ಸೆಟ್ಟಿನ ‘ಸೆಟ್’ ನಾಮಪದ. ದಯವಿಟ್ಟು ಅದರ ತಂಟೆಗೆ ಯಾರೂ ಹೋಗಬಾರದು.

ಕೈಪಿಡಿ ಧಾರವಾಡ, ವಿಜಯಪುರದ ಕಡೆಗೂ ಹೋಗುವುದಾದರೆ ‘ಕೂರಿಸಿ’ ಎಂಬಲ್ಲಿ ‘ಕೂಡ್ರಿಸಿ’ ಎಂದಿರಬೇಕಾಗುತ್ತದೆ. ಎರಡು ಬಗೆಯಲ್ಲಿ ಅಚ್ಚು ಹಾಕಲಾಗದಿದ್ದರೆ ‘ಕಟ್ಟೆಯ ಮೇಲೆ ಇಟ್ಟು ಬೋಲ್ಟ್ ಬಿಗಿಯಿರಿ’ ಎಂದು ಬರೆದುಬಿಡಿ.