ಘಾಟಿ ಹತ್ತುವಾಗ ಇಂಜಿನ್ ಕಾಯುತ್ತದೆ, ಕೂಲೆಂಟ್ ಖಾಲಿಯಾಗುತ್ತದೆ

ಪ್ರಶ್ನೆ:
ನನ್ನದು 2006ರ ಪೆಟ್ರೋಲ್ ಕಾರು. ಅಪ್ಪ ಓಡಿಸುತ್ತಿದ್ದದ್ದು, ಮಾರಲು ಮನಸ್ಸಿಲ್ಲ. ಹೋದ ಭಾನುವಾರ ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಪಕ್ಕಕ್ಕೆ ನಿಲ್ಲಿಸಿ ಒಂದು ಗಂಟೆ ಕಾದೆ. ವಾರಕ್ಕೆ ಅರ್ಧ ಲೀಟರ್ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಹೋಗುತ್ತಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಇಂಜಿನ್‌ನ ಹೆಡ್ (ಮೇಲ್ಭಾಗ) ಬಿಚ್ಚಬೇಕು ಅಂತ ಗ್ಯಾರೇಜಿನವರು ಅನ್ನುತ್ತಿದ್ದಾರೆ. ಹೌದಾ?

ಉತ್ತರ 1:
ಅವಸರ ಬೇಡ ಸರ್. ಇಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹೋಗಿರುವ ಅನುಮಾನ. ಇಲ್ಲದಿದ್ದರೆ ಮೊದಲು ಪ್ರೆಷರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕುವುದು) ಮಾಡಿಸಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಕೈ ಮುಖ ಸುಟ್ಟುಹೋಗುತ್ತದೆ.

ಉತ್ತರ 2:
ವಾಟರ್ ಪಂಪ್ (ಕೂಲೆಂಟ್ ಸುತ್ತಿಸುವ ಪಂಪ್) ಕೆಳಗಿನ ಸಣ್ಣ ತೂತಿಗೆ ಟಾರ್ಚ್ ಬಿಡಿ. ನನ್ನ ಕಾರಿನಲ್ಲಿ ಅಲ್ಲಿ ಉಪ್ಪು ಕಟ್ಟಿದ ಹಾಗೆ ಹಸಿರು ಕಲೆ ಇತ್ತು. ಸೋರಿದ್ದು ಬಿಸಿ ಇಂಜಿನ್ ಮೇಲೇ ಒಣಗುತ್ತಿತ್ತು, ಕೆಳಗೆ ಬೀಳುತ್ತಲೇ ಇರಲಿಲ್ಲ. ಎಡಗಡೆ ಕಾರ್ಪೆಟ್ ಒದ್ದೆ ಇದೆಯಾ ನೋಡಿ, ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಸಣ್ಣ ರೇಡಿಯೇಟರ್) ಕೂಡ ಸೋರಬಹುದು. ಏಸಿ ಹಾಕಿದಾಗ ರೇಡಿಯೇಟರ್ ಫ್ಯಾನ್ ತಿರುಗುತ್ತದಾ?

ಪ್ರಶ್ನೆ ಕೇಳಿದವರು:
ಫ್ಯಾನ್ ತಿರುಗುತ್ತದೆ, ಆಯಿಲ್ ಶುದ್ಧ, ಕಾರ್ಪೆಟ್ ಒಣಗಿದೆ. ಪಂಪ್ ಹತ್ತಿರ ನೀವು ಹೇಳಿದ ಅದೇ ಕಲೆ! ರೇಡಿಯೇಟರ್ ಮುಚ್ಚಳದ ರಬ್ಬರೂ ಬಿರುಕು ಬಿಟ್ಟಿದೆ. ಎರಡನ್ನೂ ಬದಲಾಯಿಸುತ್ತೇನೆ. ತುಂಬಾ ಥ್ಯಾಂಕ್ಸ್.

ಉತ್ತರ 1:
ಹಾಗೇ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವು ನಿಯಂತ್ರಿಸುವ ವಾಲ್ವ್) ಕೂಡ ಹೊಸದು ಹಾಕಿಸಿ. ಬರೀ ನಲ್ಲಿ ನೀರು ತುಂಬಿಸಬೇಡಿ, ಒಳಗೆ ತುಕ್ಕು ಹಿಡಿಯುತ್ತದೆ.